ನತಾಲಿನಬಾಯಿ ಬೈಯಲಿಲ್ಲ

ಥರ್ಮಾಮೀಟರನ್ನು ತ್ರ್ಯಂಬಕ ಬೇಕೆಂದೇ ಕೈಬಿಟ್ಟ.

ಅದು ಸಣ್ಣ ಸದ್ದು ಮಾಡಿ ಒಡೆಯಿತು. ಪಾದರಸ ಮಂಚದ ಕಾಲುಗಳ ನಡುವೆ ಉರುಳಿ ನೆಲದ ಬಿರುಕಿನಲ್ಲಿ ಹೋಗಿ ಕೂತಿತು. ಅವನು ಬಾಗಿಲ ಕಡೆ ನೋಡಿದ. ನಲವತ್ತು ದಾಟಿದ, ಕುಮಟೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ಮನುಷ್ಯ, ಕಿಟಕಿಯ ಗಾಜು ಒಡೆದ ಹುಡುಗನ ಹಾಗೆ ಕಾಯುತ್ತಿದ್ದ. ಆದರೆ ಹುಡುಗನಿಗೆ ಎಲ್ಲಿ ಬೈಯುತ್ತಾರೋ ಎಂಬ ಭಯ. ಇವನಿಗೆ ಎಲ್ಲಿ ಬೈಯದೇ ಹೋಗುತ್ತಾರೋ ಎಂಬ ಭಯ.

ಬಂದವಳು ನತಾಲಿನಬಾಯಿ, ಹೊನ್ನಾವರದ ಆ ಆಸ್ಪತ್ರೆಯ ಆಪರೇಶನ್ ವಾರ್ಡಿನ ನರ್ಸು. ಎತ್ತರದ ಒಣಕಲು ಹೆಂಗಸು. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಹೊರಡುತ್ತದೆಂಬುದು ಹೊಳೆಸಾಲಿನ ಜನಕ್ಕೆಲ್ಲ ಸೋಜಿಗ. ಅವಳು ಒಡೆದ ಗಾಜನ್ನು ನೋಡಿದಳು. ಅವನನ್ನು ನೋಡಿದಳು. ಬಾಯಿ ತೆರೆದಳು.

"ಹೋಗ್ಲಿ ಬಿಡಿ ಮಾಸ್ತರ್ರೆ. ಕಾಲು ಕೆಳಗೆ ಇಡಬೇಡಿ, ಗಾಜು ಚುಚ್ತದೆ."

"ಬೇಕಂತಲೇ ಬೀಳಿಸಿದೆ," ಎಂದ ಅವನು. ಬಲಗೆನ್ನೆಯೊಳಗೆ ಹೊಲಿಗೆ ಇದ್ದುದರಿಂದ ಮಾತು ಎಡಗಡೆಯಿಂದ ಸೋರುತ್ತಿತ್ತು.

"ಬೀಳ್ಸಿ ತೊಂದ್ರೆ ಇಲ್ಲ. ಹಳೇದು ಅದು."

ಅವಳು ಕೂತು, ಕಾಗದದ ಚೂರಿನಿಂದ ಪಾದರಸವನ್ನು ಒಟ್ಟುಮಾಡತೊಡಗಿದಳು. ಮೇಲೆ ನೋಡಿ ನಕ್ಕಳು ಕೂಡ. ತ್ರ್ಯಂಬಕ ಮುಖ ತಿರುಗಿಸಿದ.

ಪಕ್ಕದ ಮಂಚದಲ್ಲಿ ಬೀರ ಕಂಬಳಿ ಮುಖದ ಮೇಲೆ ಎಳೆದುಕೊಂಡ. ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ಸೇರಿ ಎಷ್ಟೋ ವರ್ಷವಾಗಿತ್ತು. ಕಂಬಳಿಯ ಮೂಲೆಯಲ್ಲಿ ಇನ್ನೂ ಮುಂಬಯಿ ಸರಕಾರದ ಮೊಹರು ಇತ್ತು. ಕಂಬಳಿಗಳಿಗೆ ಸುದ್ದಿ ತಲಪುವುದು ನಿಧಾನ.

ಈ ಗ್ರಹಚಾರಕ್ಕೆಲ್ಲ ಮೂಲ ಆ ಬೀರನೇ. ಭಟ್ಕಳದ ಹತ್ತಿರ ಹೆಬಳೆಯವನು, ಗದ್ದೆ ಮಾಡಿಕೊಂಡು ಇದ್ದವನು. ನಾಲಗೆಯ ಅಂಚಿನಲ್ಲಿ ಗಂಟು ಎದ್ದು, ಗಂಟಿನ ಜೊತೆ ನಾಲಗೆಯಲ್ಲೂ ಒಂದು ಪಾಲು ಕೊಟ್ಟು ಮಲಗಿದ್ದ. ಉಳಿದ ಪಾಲಿನಿಂದ ಇಡೀ ವಾರ್ಡಿಗೆ ಸಾಲುವಷ್ಟು ಮಾತಾಡುತ್ತಿದ್ದ. ಪೂರ್ತಿ ನಾಲಗೆ ಇದ್ದಾಗ ಇವನ ಹೆಂಡತಿಯ ಗತಿ ಏನಿತ್ತೋ ಎಂದು ತ್ರ್ಯಂಬಕ ಮೊದಮೊದಲು ನಗುತ್ತಿದ್ದ.

ಒಂದು ಮಧ್ಯಾಹ್ನ ಬೀರ ತನ್ನ ಸಿದ್ಧಾಂತವನ್ನು ಹೇಳಿದ್ದ.

"ಮಾಸ್ತರ್ರೆ, ಇಲ್ಲಿ ಡಾಕ್ಟರ್ ಹೇಳೂದು ಎಂತದೂ ಅಲ್ಲ. ಬಾಯೋರು ಬೈದ್ರೆ ಗೆದ್ರಿ ಅಂತ ಲೆಕ್ಕ. ಅವ್ರು ನಗಾಡೂಕೆ ಶುರು ಮಾಡಿರೆ, ಮನಿಂದ ಜನ ಕರ್ಸೂದೇ."

"ಇದಕ್ಕೆ ಆಧಾರ ಎಂತ?"

"ನಿಮ್ಮ ಮಂಚವೇ ಆಧಾರ. ನಿಮ್ಗಿಂತ ಮುಂಚೆ ಅಲ್ಲಿ ಮಾವಿನಕುರ್ವೆ ಮಾಬ್ಲ ಇದ್ದಿದ. ಗಂಟಲದು. ಮೊದ್ಲು ಬಾಯೋರು ಅವಂಗೆ ಹೇಳ್ಬಾರ್ದಂಗೆ ಬೈತಿದ್ರು. ಆಮೇಲೆ ಒಂದಿನ ತಾವೇ ಚಾ ಮಾಡ್ಕಂಡ್ ಬಂದು, ಚಮಚದಲ್ಲಿ ಕುಡ್ಸಿ, 'ಎಂತ ಮಾಬ್ಲಣ್ಣ, ಇನ್ನೂ ಚೂರು ಸಕ್ರೆ ಹಾಕ್ಲಾ' ಅಂದ್ರು. ಅಷ್ಟೇ. ಆ ವಾರವೇ ದೋಣಿ ತಂದು ಹೊತ್ಕಂಡ್ ಹೋದ್ರು."

ಬೈದು ಹೇಳುವವರು ಬದುಕುವುದಕ್ಕೆ ಹೇಳುತ್ತಾರೆ, ನಗಿಸಿ ಹೇಳುವವರು ಕೆಡುವುದಕ್ಕೆ ಹೇಳುತ್ತಾರೆ. ಅಜ್ಜಿ ಹೇಳುತ್ತಿದ್ದ ಗಾದೆ. ಅದನ್ನು ಆಸ್ಪತ್ರೆಯಲ್ಲಿ ಇಷ್ಟು ಅಕ್ಷರಶಃ ಜಾರಿಗೆ ತಂದಿರುತ್ತಾರೆಂದು ತ್ರ್ಯಂಬಕನಿಗೆ ಗೊತ್ತಿರಲಿಲ್ಲ. ಒಂದು ದೃಷ್ಟಾಂತದಿಂದ ನಿಯಮ ಹುಟ್ಟುವುದಿಲ್ಲ ಬೀರ, ಎಂದು ಅವತ್ತು ಪಾಠ ಹೇಳಿದ್ದ. ಪಾಠ ಹೇಳುವುದು ಸುಲಭವಿತ್ತು. ಅವತ್ತು ಬಾಯಿ ಅವನನ್ನೂ ಬೈಯುತ್ತಿದ್ದಳು.

ಹೌದು, ಬೈಯುತ್ತಿದ್ದಳು! ಆ ದಿನಗಳನ್ನು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ. "ಬಾಯಿ ದೊಡ್ಡ ಮಾಡಿ ಮಾಸ್ತರ್ರೆ! ಕ್ಲಾಸಲ್ಲಿ ತೆಗೀಲಿಕ್ಕೆ ಬರ್ತದೆ, ಇಲ್ಲಿ ಬರೂದಿಲ್ವೋ?" "ತಂಬಾಕು ತಿಂಬಾಗ ಬುದ್ಧಿ ಎಲ್ಲಿ ಇಟ್ಟು ಮರ್ತಿದ್ರಿ?" "ಅಯ್ಯೋ ದೇವಾ ಸಾಯ್ಬಾ, ಇಷ್ಟಕ್ಕೆ ಅಳೂದು? ನಿಮ್ಮ ಪುಸ್ತಕದಲ್ಲಿ ಇದ್ಕೆ ಮದ್ದು ಬರೆದಿಲ್ಲವೋ?" ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿ ನಾಟುವ ಮಾತು. ಎಲ್ಲರೆದುರು. ಬೀರನಿಗೂ ಅವನಿಗೂ ಒಂದೇ ದನಿ, ಒಂದೇ ಅಳತೆ.

ಅವನಿಗೆ ಅವಮಾನವಾಗಿತ್ತು. ಹುಬ್ಬಳ್ಳಿಯಿಂದ ಆಗಾಗ ಬರುವ ಸರ್ಜನ್ನರು ರೌಂಡಿಗೆ ಬಂದಾಗ, ಅರ್ಧ ಬಾಯಿಯಿಂದಲೇ, ಪೂರ್ತಿ ಇಂಗ್ಲಿಷಿನಲ್ಲಿ ದೂರು ಕೊಟ್ಟಿದ್ದ. ಚಿಕಿತ್ಸೆಯ ಬಗ್ಗೆ ತನಗೆ ತಕರಾರಿಲ್ಲ. ಆದರೆ ಶುಶ್ರೂಷೆಯಲ್ಲಿ ಸಂಸ್ಕಾರದ ಕೊರತೆ ಇದೆ. ವಿದ್ಯಾವಂತ ರೋಗಿಯೊಬ್ಬ ನರ್ಸಿನಿಂದ ಕನಿಷ್ಠ ಸೌಜನ್ಯವನ್ನು ನಿರೀಕ್ಷಿಸುವುದು ತಪ್ಪಲ್ಲವಷ್ಟೆ. ವಾಕ್ಯ ಚೆನ್ನಾಗಿ ಬಂದಿತ್ತು. ಸರ್ಜನ್ನರು ಕೇಳುತ್ತ, ತಲೆಯಾಡಿಸುತ್ತ, ಅವನ ದವಡೆಯ ಕೆಳಗೆ ಕುತ್ತಿಗೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಮತ್ತೆ ಒತ್ತಿದರು. ಆಮೇಲೆ ಮಂಚದ ಕಾಲ ಬಳಿ ನಿಂತು ನತಾಲಿನಬಾಯಿಯ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಅವಳು ಇವನ ಕಡೆ ನೋಡಿದಳು.

ಅವತ್ತಿನಿಂದ ಬೈಗುಳ ನಿಂತಿತು.

ಇಲ್ಲಿ ತರ್ಕಶಾಸ್ತ್ರದ ತೊಂದರೆ ಶುರುವಾಯಿತು. ಕಾರ್ಯ ಒಂದೇ, ಕಾರಣ ಎರಡು. ಡಾಕ್ಟರು ಅವನ ದೂರನ್ನು ಅವಳಿಗೆ ಮುಟ್ಟಿಸಿದ್ದರೆ ಅವಳು ಹೆದರಿ ನಯವಾಗಿದ್ದಾಳೆ. ಆಗ ತಾನು ಬದುಕುತ್ತೇನೆ. ದೂರಿನ ಬದಲು ಕುತ್ತಿಗೆಯ ಸುದ್ದಿ ಮುಟ್ಟಿಸಿದ್ದರೆ ಅವಳು ಮರುಗಿ ನಯವಾಗಿದ್ದಾಳೆ. ಆಗ ತಾನು ಮಾಬ್ಲ. ಹೊಗೆಯಿದ್ದಲ್ಲಿ ಬೆಂಕಿ ಎಂದು ವರ್ಷವರ್ಷವೂ ಹೇಳಿಕೊಟ್ಟವನು ಈಗ ಹೊಗೆಯ ನಡುವೆ ಕೂತು ಯಾವ ಬೆಂಕಿ ಎಂದು ಕೆಮ್ಮುತ್ತಿದ್ದ. ಆ ರೋಗದ ಹೆಸರನ್ನು ವಾರ್ಡಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಡಾಕ್ಟರು 'ಗ್ರೋಥ್' ಅನ್ನುತ್ತಿದ್ದರು, ಬೀರ 'ದೊಡ್ಡ ಸೀಕು' ಅನ್ನುತ್ತಿದ್ದ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ನೋಡುವ. ಅಳತೆಗೆ ಇದ್ದದ್ದು ಒಂದೇ ಕೋಲು, ಅದನ್ನು ಅವನೇ ಇಂಗ್ಲಿಷಿನಲ್ಲಿ ಮುರಿದುಹಾಕಿದ್ದ.

ಕಲಿತವನೆಂಬ ಮರ್ಯಾದೆಯಿಂದ ಇರಬಹುದೆ ಎಂಬ ಮೂರನೆಯ ಆಸೆಯೂ ಒಂದು ಇತ್ತು. ಅದನ್ನು ಗೋಡೆಯಾಚೆಯ ಸ್ಪೆಶಲ್ ಕೋಣೆ ಕೊಂದುಹಾಕಿತು. ಅಲ್ಲಿದ್ದವರು ಭಟ್ಕಳದ ಹತ್ತಿರದ ಜಾಲಿ ಊರಿನ ದೊಡ್ಡ ಬಟ್ಟೆ ವ್ಯಾಪಾರಿ ಸಾಹೇಬರು. ಮೊನ್ನೆ ಅವರ ಮನೆಯಿಂದ ಬಿರಿಯಾನಿ ಬಂತೆಂದು ನತಾಲಿನಬಾಯಿ ಎತ್ತಿದ ದನಿಗೆ ಹೊರಗಿನ ತೆಂಗಿನ ಮರದ ಕಾಗೆಗಳು ಹಾರಿದವು. ಸಾಹೇಬರು ಮಗುವಿನ ಹಾಗೆ "ನಹೀ ಬಾಯಿ, ಒಂದು ತುತ್ತು ಮಾತ್ರ," ಅನ್ನುತ್ತಿದ್ದರು. ಆ ದನಿಯಲ್ಲಿದ್ದ ಸುಖವನ್ನು ತ್ರ್ಯಂಬಕ ಗೋಡೆಗೆ ಕಿವಿಯಿಟ್ಟು ಕೇಳಿದ್ದ.

ಇವತ್ತು ಬೀರನಿಗೆ ಡಿಸ್ಚಾರ್ಜು. ಅದೂ ಒಂದು ಬೈಗುಳದ ಮೆರವಣಿಗೆಯೇ.

ಅವನ ಹೆಂಡತಿ ತಿಮ್ಮಿ ಬೆಳಿಗ್ಗೆಯೇ ಬಂದು ಗಂಟು ಕಟ್ಟುತ್ತಿದ್ದಳು. ಗಂಟಿನಿಂದ ಒಂದು ಪೊಟ್ಟಣ ಜಾರಿತು. ನತಾಲಿನಬಾಯಿ ಅದನ್ನೆತ್ತಿ ಮೂಸಿದಳು.

"ಏ ಬೀರಾ! ಎಂತದೋ ಇದು? ಅರ್ಧ ನಾಲಗೆ ಕೊಯ್ಸ್ಕಂಡವಂಗೆ ಉಳ್ದರ್ಧಕ್ಕೆ ಒಣಸಿಗಡಿ ಚಟ್ನಿಯೇನೋ?"

"ಬರೇ ವಾಸ್ನೆಗೆ ಬಾಯೋರೆ."

"ವಾಸ್ನೆ ನಾಲಗೆಯಲ್ಲಿ ನೋಡ್ತಾರೇನೋ ಕತ್ತೆ? ಆ ನಾಲಗೆ ನಿಂದಲ್ಲ, ತಿಳ್ಕ. ದಿನಾ ತೊಳ್ದು ಉಳ್ಸಿದ್ದು ನಾನು. ಖಾರ ಮುಟ್ಸಿದೆ ಅಂತ ನಂಗೆ ಗೊತ್ತಾದ್ರೆ ಹೆಬಳೆಗೇ ಬಂದು ಉಳಿದದ್ದನ್ನೂ ಕೊಯ್ತೆ! ನೀನೂ ಕೇಳು ತಿಮ್ಮಿ, ನಗಾಡ್ಬೇಡ!"

ಬೀರ ನಗುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ವಾರ್ಡಿನವರೆಲ್ಲ ಪ್ರಸಾದ ಹಂಚುವುದನ್ನು ನೋಡುವವರ ಹಾಗೆ ನೋಡುತ್ತಿದ್ದರು. ತ್ರ್ಯಂಬಕನಿಗೆ ಅಸೂಯೆಯಾಯಿತು, ಶುದ್ಧ ಅಸೂಯೆ. ಅದು ನಾಚಿಕೆಗೇಡು ಎಂದು ಗೊತ್ತಿದ್ದೂ ಆಯಿತು.

ಬಾಯಿ ತಟ್ಟೆ, ಹತ್ತಿ, ಇಕ್ಕಳ ಹಿಡಿದು ಇವನ ಮಂಚಕ್ಕೆ ಬಂದಳು. ಕೆನ್ನೆ ತೊಳೆಯುವ ಹೊತ್ತು.

ಅವನು ಬಾಯಿ ತೆರೆಯಲಿಲ್ಲ.

"ಸ್ವಲ್ಪ ತೆಗೀತ್ರ ಮಾಸ್ತರ್ರೆ?"

ತಲೆ ಅಲ್ಲಾಡಿಸಿದ.

"ನೋವಾ? ಆತು, ಅರ್ಧ ಗಳಿಗೆ ಬಿಟ್ಟು ಮಾಡುವ."

ಅವನು ಅವಳ ಕೈ ತಳ್ಳಿದ. ಹತ್ತಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿದಳು. ಹೊಸ ಹತ್ತಿ ತೆಗೆದಳು. ಬೇರೆ ದಾರಿ ಕಾಣದೆ ಅವನು ಬಾಯಿ ತೆರೆದ. ಅವಳ ಬೆರಳುಗಳು ಒಳಗೆ ಹೋದವು. ಇಷ್ಟು ಹಗುರವಾಗಿ, ಇಷ್ಟು ನಿಧಾನವಾಗಿ ಯಾರೂ ಅವನನ್ನು ಮುಟ್ಟಿದ್ದೇ ಇಲ್ಲ ಅನ್ನಿಸಿತು; ತಾಯಿ ಕೂಡ ಎಣ್ಣೆ ತಿಕ್ಕುವಾಗ ತಲೆಗೆ ಕುಟ್ಟುತ್ತಿದ್ದಳು. ನೋವೇ ಆಗಲಿಲ್ಲ. ಅದನ್ನು ಅವನು ಸಹಿಸಲಾರದೆ ಹೋದ.

"ಬಾಯಿ," ಎಂದ, ಅವಳು ಕೈ ತೊಳೆಯುವಾಗ. "ಒಂದು ಮಾತು."

"ಹೇಳಿ."

"ನಾನು ಡಾಕ್ಟರಿಗೆ ಹೇಳಿದ್ದು... ಅದನ್ನು ಮನಸ್ಸಿಗೆ ಹಚ್ಕೋಬೇಡಿ. ಸಿಟ್ಟಿನಲ್ಲಿ ಹೇಳಿದ್ದು. ವಾಪಸು ತಗೊಂಡಿದ್ದೇನೆ. ನೀವು ಮೊದಲಿನ ಹಾಗೆ ಬೈಯಬಹುದು."

ನತಾಲಿನಬಾಯಿ ತಿರುಗಿ ನೋಡಿದಳು. "ಎಂತ ಹೇಳಿದ್ರಿ ಡಾಕ್ಟರಿಗೆ?"

"ಅದೇ. ನಿಮ್ಮ ಮೇಲೆ ದೂರು."

"ನನ್ನ ಮೇಲಾ?" ಅವಳಿಗೆ ನಿಜವಾಗಿ ಸೋಜಿಗವಾಗಿತ್ತು. "ನಂಗೆ ಯಾರೂ ಹೇಳ್ಲಿಲ್ಲಲ್ಲ."

"ಅವತ್ತು ಡಾಕ್ಟರು ನಿಮ್ಮ ಹತ್ತಿರ ಮಾತಾಡಿದರು. ಈ ಮಂಚದ ಹತ್ತಿರ ನಿಂತು."

"ಅವತ್ತಾ..." ಅವಳು ಟವೆಲಿನಿಂದ ಬೆರಳುಗಳನ್ನು ಒರೆಸತೊಡಗಿದಳು. ಬೆರಳುಗಳು ಒಣಗಿದ ಮೇಲೂ ಒರೆಸಿದಳು. "ಅವತ್ತು ಬೇರೆ ವಿಷಯ ಮಾಸ್ತರ್ರೆ. ಎಂತ ಇಲ್ಲ. ನೀವು ಮಲ್ಕಣಿ."

ಅವಳು ಹೋದಳು. ಎರಡು ಕಾರಣಗಳಲ್ಲಿ ಒಂದು ಬಿದ್ದುಹೋಯಿತು. ತರಗತಿಯಲ್ಲಾದರೆ ಇಲ್ಲಿ ಸೀಮೆಸುಣ್ಣ ಕೆಳಗಿಟ್ಟು, ಹಾಗಾದರೆ ಉಳಿಯುವುದೇನು, ಎಂದು ಹುಡುಗರನ್ನು ಕೇಳಬೇಕು. ಯಾವನೋ ಮೊದಲ ಬೆಂಚಿನವನು ಥಟ್ಟನೆ ಎದ್ದು ಹೇಳುತ್ತಾನೆ.

ಅವನೂ ಹುಡುಗರನ್ನು ಬೈಯುವುದರಲ್ಲಿ ಹೆಸರುವಾಸಿ. ಆದರೆ ಪರೀಕ್ಷೆ ಹತ್ತಿರ ಬಂದಾಗ ಕೆಲವರನ್ನು ಬೈಯುವುದನ್ನು ಬಿಟ್ಟುಬಿಡುತ್ತಿದ್ದ. ಹೋಮ್‌ವರ್ಕ್ ತಂದಿಲ್ಲವೆ, ಪರವಾಗಿಲ್ಲ, ಕೂತುಕೋ. ಆ ಹುಡುಗರು ಖುಷಿಪಡುತ್ತಿದ್ದರು. ಅವರು ಪಾಸಾಗುವುದಿಲ್ಲವೆಂದು ಅವನಿಗೆ ಖಾತ್ರಿಯಾಗಿರುತ್ತಿತ್ತು. ಇನ್ನು ಯಾಕೆ ಪಾಪ, ಎಂದುಕೊಳ್ಳುತ್ತಿದ್ದ. ಆ ಪಾಪ ಎಂಬ ಮಾತಿನ ರುಚಿ ಈಗ ಹೊಲಿಗೆಯ ಮೇಲೆ ಉಪ್ಪಿನ ಹಾಗೆ ಉರಿಯಿತು.

ಮಧ್ಯಾಹ್ನ ಗಂಗಾ ಗಂಜಿ ತಂದಳು. ಅವನ ಹೆಂಡತಿ. ಆಪರೇಶನ್ ಆದಂದಿನಿಂದ ಹೊನ್ನಾವರದಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು.

"ಬಿಸಿ ಇದ್ದು. ನಿಧಾನ ಕುಡಿರಿ."

ಅವನು ಅವಳನ್ನು ದಿಟ್ಟಿಸಿದ. ಇಲ್ಲೊಂದು ಖಾತ್ರಿಯ ಬೈಗುಳವಿದೆ. ಎಂದೂ ಬತ್ತದ ಬಾವಿ. ತಂಬಾಕಿನ ವಿಷಯದಲ್ಲಿ ಗಂಗಾ ಮದುವೆಯಾದಂದಿನಿಂದ ಬೈದಿದ್ದಳು. ಒಮ್ಮೆ ಅವನ ಎಲೆಯಡಿಕೆ ಕವಳದ ಸಂಚಿಯನ್ನು ಗೊಬ್ಬರಗುಂಡಿಗೆ ಎಸೆದು, ಬೇಕಾದ್ರೆ ಇಳಿದು ಹೆಕ್ಕಿಕೊಳ್ಳಿ ಎಂದಿದ್ದಳು. ಅವನು ಇಳಿದಿದ್ದ.

"ನಂಗೆ ಒಂದು ಕವಳ ಹಾಕವು ಹೇಳಿ ಆಗ್ತಾ ಇದ್ದು," ಎಂದ.

ಗಂಗಾ ಚಮಚ ಹಿಡಿದ ಕೈ ನಿಲ್ಲಿಸಿದಳು.

"ತಂಬಾಕು ಹಾಕಿ," ಎಂದು ಸೇರಿಸಿದ. ಆಮೇಲೆ ಕಾದ. ಬೈಯಿ ಮಾರಾಯ್ತಿ. ಕೆನ್ನೆ ಕೊಯ್ಸ್ಕಂಡ ಮೇಲೂ ಬುದ್ಧಿ ಬಂಜಿಲ್ಲೆ ಹೇಳು. ಎಲ್ಲರಿಗೂ ಕೇಳುವ ಹಾಗೆ ಹೇಳು.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಬಿಸಿಲಿನಲ್ಲಿ ಯಾರದೋ ಪಂಚೆ ಒಣಗುತ್ತಿತ್ತು.

"ಸಂಜೆಗೆ ತಂದುಕೊಡ್ತೆ," ಎಂದಳು. ಆಮೇಲೆ, "ಯಾವಾಗ್ಲೂ ಹಾಕ್ತಿದ್ದಿದ್ದೇ ತರವಾ?"

ತ್ರ್ಯಂಬಕನಿಗೆ ಹೆದರಿಕೆಯಾಯಿತು. ಇದುವರೆಗೆ ಆಗಿದ್ದು ಹೆದರಿಕೆಯ ಅಭ್ಯಾಸ, ಇದು ಹೆದರಿಕೆ. ಅವನು ಗಂಜಿಯನ್ನು ಪೂರ್ತಿ ಕುಡಿದ. ಯಾಕೆ ಕುಡಿದನೋ ಗೊತ್ತಿಲ್ಲ. ಗಂಗಾ ಪಾತ್ರೆ ಎತ್ತಿಕೊಂಡು, ಅವನ ಹೊದಿಕೆ ಸರಿಮಾಡಿ, ಬತ್ತೆ ಎಂದು ಬೇಗಬೇಗ ಹೊರಟುಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಬೀರ ಗಂಟು ಎತ್ತಿದ. "ಬತ್ತೆ ಮಾಸ್ತರ್ರೆ," ಎಂದ. ಅಷ್ಟು ಮಾತಿನವನು ಅಷ್ಟೇ ಹೇಳಿದ್ದು ತ್ರ್ಯಂಬಕನಿಗೆ ಸರಿಬರಲಿಲ್ಲ.

"ತಡಿ, ಲಾಂಚು ನಿಲ್ಲುವ ಧಕ್ಕೆಯ ತನಕ ನಾನೂ ಬರ್ತೇನೆ."

"ಅಯ್ಯೋ, ಬಾಯೋರು ಕೊಲ್ತ್ರು!"

"ಕೊಲ್ಲಲಿ," ಎಂದ ತ್ರ್ಯಂಬಕ. ಬೆಳಗಿನಿಂದ ಮೊದಲ ಸಲ ಅವನಿಗೆ ಉತ್ಸಾಹ ಬಂತು. ಆಸ್ಪತ್ರೆಯ ಅಂಗಿ, ಆಸ್ಪತ್ರೆಯ ಪಾಯಜಾಮ, ಕೆನ್ನೆಗೆ ಸುತ್ತಿದ ಪಟ್ಟಿ. ರೋಗಿ ಹೀಗೆ ಹೊರಬೀಳುವುದೆಂದರೆ ಸಣ್ಣ ಅಪರಾಧವಲ್ಲ. ಹಿಂದೆ ಒಬ್ಬ ಬೀಡಿಗೆಂದು ಗೇಟು ದಾಟಿದ್ದಕ್ಕೆ ಬಾಯಿ ಅವನನ್ನು ಕಿವಿ ಹಿಡಿದು ತಂದಿದ್ದಳಂತೆ.

ನತಾಲಿನಬಾಯಿ ಗೇಟಿನ ಹತ್ತಿರವೇ ನಿಂತಿದ್ದಳು. ಅವನು ನಡಿಗೆಯನ್ನು ನಿಧಾನ ಮಾಡಿದ. ಅವಳಿಗೆ ಎದುರಾಗಿ, ಎದೆ ಸೆಟೆದು, ಹಾದುಹೋದ.

"ಮಾಸ್ತರ್ರೆ!"

ಬಂತು. ಅವನು ನಿಂತ. ಕಿವಿ ಬೆಚ್ಚಗಾಯಿತು.

ಅವಳು ಓಡಿ ಬಂದು ತನ್ನ ಕೊಡೆಯನ್ನು ಬಿಚ್ಚಿ ಅವನ ಕೈಗೆ ಕೊಟ್ಟಳು. "ಬಿಸಿಲು ಇನ್ನೂ ಅದೆ. ಸುಸ್ತಾದ್ರೆ ಕೂತ್ಕಣಿ. ಹೊಳೆ ಗಾಳಿ ಒಳ್ಳೇದು." ಮತ್ತೆ ಬೀರನ ಕಡೆ ತಿರುಗಿದವಳೇ, "ನಿಂದು ಇನ್ನೂ ಹೋಗೂಕೆ ಆಗ್ಲಿಲ್ವೇನೋ ದರಿದ್ರದವ್ನೆ, ಲಾಂಚು ನಿನ್ನ ಮಾವಂದಾ?" ಎಂದಳು.

ಮೂವರೂ ಇಳಿಜಾರು ಹಾದಿಯಲ್ಲಿ ಹೊಳೆಗೆ ಇಳಿದರು. ಬೀರ ಮುಂದೆ, ತಿಮ್ಮಿ ಗಂಟು ಹೊತ್ತು ಹಿಂದೆ, ಕೊನೆಯಲ್ಲಿ ಹೆಂಗಸರ ಕೊಡೆ ಹಿಡಿದ ತರ್ಕಶಾಸ್ತ್ರ.

ಶರಾವತಿ ಅಲ್ಲಿ ಸಮುದ್ರ ಸೇರುವ ಅವಸರದಲ್ಲಿ ಅಗಲವಾಗಿ ಹರಡಿಕೊಂಡಿದೆ. ಆಚೆ ದಡಕ್ಕೆ ಲಾಂಚು. ಅಲ್ಲಿಂದ ಭಟ್ಕಳದ ಬಸ್ಸು. ಲಾಂಚಿನೊಳಗೆ ಎರಡು ಬದಿ ಉದ್ದನೆಯ ಬೆಂಚು, ಕಾಲಿಡಲು ಜಾಗವಿಲ್ಲದಷ್ಟು ಜನ. ದಡದಿಂದ ಲಾಂಚಿಗೆ ಒಂದು ಹಲಗೆ. ಹಲಗೆಯ ಆ ತುದಿಯಲ್ಲಿ ಲಾಂಚಿನ ತಾಂಡೇಲ ನಿಂತಿದ್ದ, ಮುದುಕ, ಬರಿಮೈ. ಲಾಂಚು ನಡೆಸುವುದು ಅವನ ಉಪಕಸುಬು, ಜನರನ್ನು ಬೈಯುವುದೇ ಮುಖ್ಯ ಕಸುಬು ಅನ್ನುವ ಹಾಗೆ ಕಿರುಚುತ್ತಿದ್ದ.

"ಏ ಮೀನಿನವ್ಳೆ, ಬುಟ್ಟಿ ಇಳ್ಸೇ, ಯಾರ ಮದಿ ದಿಬ್ಬಣ ಇದು? ಏ ಟೊಪ್ಪಿ, ಒಳಗೆ ಸರಿಯೋ, ಬಾಗ್ಲಲ್ಲಿ ನಿಂತ್ಕಂಡು ಹೊಳೆ ಕಾಯ್ತ್ಯಾ? ಹತ್ರೋ ಬೇಗ, ನಿಮ್ಮ ಅಪ್ಪಂಗೆ ಕಾಯೂದಿಲ್ಲ ನಾನು!"

ಬೀರ ಹಲಗೆಯ ಮೇಲೆ ತಡವರಿಸಿದ. "ಕಾಲೆತ್ತೋ ಬೋ... ನಿನ್ನ ಗದ್ದೆ ಅಂಚಲ್ಲ ಇದು! ಬಿದ್ರೆ ಎತ್ತುಕೆ ನಾ ಬತ್ನಿಲ್ಲ!" ಬೀರ ಹಲ್ಲು ಕಿರಿದು ಒಳಗೆ ಜಿಗಿದ. ತಿಮ್ಮಿಗೆ ಇನ್ನೂ ಒಳ್ಳೆಯದು ಸಿಕ್ಕಿತು.

ತ್ರ್ಯಂಬಕ ದಡದಲ್ಲಿ ನಿಂತು ಕೇಳಿದ. ಎಂಥ ಸಮೃದ್ಧಿ! ಯಾರಿಗೂ ಕಡಿಮೆಯಿಲ್ಲ, ಯಾರಿಗೂ ಹೆಚ್ಚಿಲ್ಲ. ಆಮೇಲೆ ಅವನಿಗೆ ಹೊಳೆಯಿತು: ಈ ಮನುಷ್ಯನಿಗೆ ಏನೂ ಗೊತ್ತಿಲ್ಲ. ಇವನು ಸರ್ಜನ್ನರ ಮಾತು ಕೇಳಿದವನಲ್ಲ. ತನ್ನ ಕುತ್ತಿಗೆ ಮುಟ್ಟಿದವನಲ್ಲ. ಹೆಸರು, ಊರು, ಜಾತಿ, ಓದು ಒಂದೂ ಅರಿಯದವನು. ಮರುಕಕ್ಕೆ ಇವನಲ್ಲಿ ಕಾರಣವೇ ಇಲ್ಲ. ನಿರ್ದೋಷ ಪ್ರಮಾಣ. ಇವನು ಬೈದರೆ ಸಾಕು. ಆಚೆ ದಡಕ್ಕೆ ಹೋಗುವ ಕೆಲಸ ತನಗಿಲ್ಲ. ಹಲಗೆಯ ಮೇಲೆ ಒಂದು ಕಾಲಿಟ್ಟು, ಎರಡು ಮಾತು ಬೈಸಿಕೊಂಡು, ಕಿವಿಯಲ್ಲಿ ಇಟ್ಟುಕೊಂಡು ವಾಪಸು ಹೋದರಾಯಿತು. ಗಂಗಾ ತಂಬಾಕು ತಂದಿದ್ದರೆ ಅವಳ ಮುಖದ ಮೇಲೆ ಎಸೆಯಬಹುದು.

ಅವನು ಹಲಗೆಯ ಮೇಲೆ ಕಾಲಿಟ್ಟ. ಬೇಕೆಂದೇ ನಡುವೆ, ದಾರಿಗೆ ಅಡ್ಡವಾಗಿ, ಕೊಡೆ ಬಿಚ್ಚಿಕೊಂಡು ನಿಂತ.

"ಏ! ಯಾವನೋ ಅವ್ನು, ಕೊಡೆ..." ತಾಂಡೇಲ ಕೈಯೆತ್ತಿ ತಿರುಗಿದ.

ಅವನ ಕಣ್ಣು ಪಟ್ಟಿಯ ಮೇಲೆ ಬಿತ್ತು. ಅಲ್ಲಿಂದ ಕೆಳಗೆ, ದವಡೆಯ ಅಡಿಯ ಉಬ್ಬಿಗೆ ಜಾರಿತು. ಅಲ್ಲೇ ನಿಂತಿತು. ಎತ್ತಿದ ಕೈ ನಿಧಾನ ಕೆಳಗಿಳಿದು, ಅಂಗೈ ಮೇಲಾಗಿ, ಅವನ ಕಡೆ ಚಾಚಿಕೊಂಡಿತು.

"ಬನ್ನಿ ಒಡೆಯಾ," ಎಂದ. ಅಷ್ಟು ತಗ್ಗಿದ ದನಿ ಆ ಗಂಟಲಲ್ಲಿ ಇದೆಯೆಂದು ಲಾಂಚಿನವರಿಗೂ ಗೊತ್ತಿದ್ದಂತಿರಲಿಲ್ಲ. "ಅವಸ್ರ ಎಂತದೂ ಇಲ್ಲ. ನಿಧಾನ ಬನ್ನಿ. ಲಾಂಚು ನಿಲ್ತದೆ."

ಒಳಗೆ ಗದ್ದಲ ಅಡಗಿತು. ಮೀನಿನವಳು ಬುಟ್ಟಿಯನ್ನು ಎಳೆದುಕೊಂಡು ಎದ್ದಳು. ಅವಳ ಪಕ್ಕದವರು ಎದ್ದರು. ಟೊಪ್ಪಿಯವನು ಎದ್ದ. ಬೀರನೂ ಎದ್ದ, ಅವನು ನೀರಿನ ಕಡೆ ನೋಡುತ್ತಿದ್ದ. ಯಾರೂ ಹೇಳದೆ, ಒಬ್ಬರ ಮೈಗೆ ಒಬ್ಬರು ಒತ್ತಿಕೊಂಡು, ಎಲ್ಲರೂ ಎದುರು ಬದಿಗೆ ಸರಿದು ನಿಂತರು. ಲಾಂಚು ಆ ಕಡೆಗೆ ಸ್ವಲ್ಪ ವಾಲಿತು.

ಈ ಬದಿಯ ಬೆಂಚು, ಉದ್ದಕ್ಕೂ, ಅವನೊಬ್ಬನಿಗೆ ಖಾಲಿಯಾಗಿತ್ತು.